ಅಪ್ಪನ ಪಾದ ನೋಯುವುದೇ ಇಲ್ಲ, ನನಗೆ ಹೆದರಿಕೆ ಅದಕ್ಕೇ

ಪ್ರಶ್ನೆ: ನಮ್ಮದು ಕಾಸರಗೋಡಿನ ಪೆರ್ಲದ ಹತ್ತಿರ ಅಡಿಕೆ ತೋಟ. ಅಪ್ಪನಿಗೆ 63 ವರ್ಷ, ಶುಗರ್ ಶುರುವಾಗಿ 12 ವರ್ಷ. ಆರೋಗ್ಯ ಕೇಂದ್ರದಿಂದ ತಿಂಗಳು ತಿಂಗಳು ಮಾತ್ರೆ ತರುತ್ತಾರೆ. ಅಲ್ಲಿ ರಕ್ತ, ಬಿ.ಪಿ. ನೋಡುತ್ತಾರೆ, ಕಾಲನ್ನು ಈವರೆಗೆ ಯಾರೂ ನೋಡಿಲ್ಲ. ಕಳೆದ ತಿಂಗಳು ತೋಟದಿಂದ ಬಂದಾಗ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ಎಲ್ಲಿ ಜಾರಿತೆಂದು ಅವರಿಗೇ ಗೊತ್ತಿಲ್ಲ. ಅಂಗಾಲಲ್ಲಿ ಹೆಬ್ಬೆರಳ ಬುಡದ ಹತ್ತಿರ ಚರ್ಮ ಜಡ್ಡುಗಟ್ಟಿದೆ. "ನೋವಿಲ್ಲವಲ್ಲ, ಸುಮ್ನೆ ಡಾಕ್ಟರು ಯಾಕೆ" ಅನ್ನುತ್ತಾರೆ. ನೆರೆಮನೆಯ ಒಬ್ಬರಿಗೆ ಹೀಗೇ ಶುರುವಾಗಿ ಬೆರಳು ತೆಗೆಯಬೇಕಾಯಿತು. ನಾವು ನೇರ ಮಂಗಳೂರಿಗೆ ಹೋಗಬೇಕಾ? ಮನೆಯೊಳಗೂ ಚಪ್ಪಲಿ ಹಾಕಬೇಕಂತೆ, ಅಪ್ಪ ಒಪ್ಪುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಆ ಜಡ್ಡಿನ ಮೇಲಲ್ಲ, ಒಂಟಿ ಚಪ್ಪಲಿಯ ಮೇಲೆ. ಚಪ್ಪಲಿ ಜಾರಿದ್ದು ತಿಳಿಯದೆ ತೋಟದಿಂದ ಮನೆವರೆಗೆ ನಡೆದು ಬಂದಿದ್ದಾರೆ. ಅಂದರೆ ಕಲ್ಲು, ಮುಳ್ಳು, ಬಿಸಿ ಯಾವುದರ ಸುದ್ದಿಯೂ ಆ ಪಾದದಿಂದ ಮೇಲಕ್ಕೆ ಸರಿಯಾಗಿ ಹೋಗುತ್ತಿಲ್ಲ. ಇದನ್ನು ಮರೆವು ಅಂತಲೋ ವಯಸ್ಸು ಅಂತಲೋ ತಳ್ಳಿಹಾಕಬೇಡಿ. ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳೋಣ. ಆದರೆ ಪರೀಕ್ಷೆಗೆ ಮೊದಲೇ ನಾನು ಹೇಳಬಲ್ಲೆ, ಆ ಪಾದದ ನರಗಳು ಸೋತಿರುವ ಹಾಗಿದೆ.

ನರಗಳಲ್ಲಿ ಅತಿ ಉದ್ದದವು ಸೊಂಟದಿಂದ ಕಾಲ್ಬೆರಳಿನವರೆಗೆ ಬರುವವು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಮೊದಲು ಕೆಡುವುದು ಇವುಗಳ ತುದಿ. ಅದಕ್ಕೇ ಎರಡೂ ಕಾಲಲ್ಲಿ, ಬೆರಳಿಂದ ಶುರುವಾಗಿ, ಕಾಲುಚೀಲ ಹಾಕಿದ ಹಾಗೆ ಮೇಲಕ್ಕೆ ಏರುತ್ತದೆ. ಕೆಲವರಿಗೆ ರಾತ್ರಿ ಉರಿ, ಇರುವೆ ಹರಿದ ಹಾಗೆ ಆಗುತ್ತದೆ. ಕೆಲವರು ಹತ್ತಿಯ ಮೇಲೆ ನಡೆದ ಹಾಗೆ ಅನ್ನುತ್ತಾರೆ. ಇನ್ನು ಕೆಲವರಿಗೆ ಏನೂ ಆಗುವುದಿಲ್ಲ, ಸದ್ದಿಲ್ಲದೆ ಸ್ಪರ್ಶ ಹೋಗಿಬಿಡುತ್ತದೆ. ನಾನು ಜಾಸ್ತಿ ಹೆದರುವುದು ಈ ಕೊನೆಯವರಿಗೆ. ಉರಿ ಇರುವವನು ಡಾಕ್ಟರ ಹತ್ತಿರ ಬರುತ್ತಾನೆ, ಏನೂ ಗೊತ್ತಾಗದವನು ತೋಟಕ್ಕೆ ಹೋಗುತ್ತಾನೆ.

ಸ್ಪರ್ಶ ಮಾತ್ರ ಹೋಗುವುದಲ್ಲ. ಪಾದದ ಸಣ್ಣ ಸ್ನಾಯುಗಳನ್ನು ಆಡಿಸುವ ನರವೂ ಸೋಲುತ್ತದೆ. ಆಗ ಬೆರಳು ಮಡಚಿ ಹಕ್ಕಿಯ ಉಗುರಿನಂತೆ ಬಾಗುತ್ತದೆ, ಮೈಭಾರ ಎಲ್ಲ ಬೆರಳ ಬುಡಕ್ಕೆ ಬೀಳುತ್ತದೆ. ಬೆವರು ಬರಿಸುವ ನರ ಸೋತರೆ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ನಿಮ್ಮ ಅಪ್ಪನ ಜಡ್ಡು ಇರುವ ಜಾಗ ನೋಡಿ: ಹೆಬ್ಬೆರಳ ಬುಡ. ಅಲ್ಲಿ ಒತ್ತಡ ಜಾಸ್ತಿ ಬೀಳುತ್ತಿದೆ ಅಂತ ಚರ್ಮವೇ ಬರೆದುಕೊಟ್ಟಿದೆ. ಜಡ್ಡು ದಪ್ಪವಾದಷ್ಟೂ ಚಪ್ಪಲಿಯೊಳಗೆ ಕಲ್ಲು ಸಿಕ್ಕಿದ ಹಾಗೆ ಒತ್ತುತ್ತದೆ. ನಿಮಗಾಗಲೀ ನನಗಾಗಲೀ ಕಲ್ಲು ಸಿಕ್ಕಿದರೆ ಎರಡನೇ ಹೆಜ್ಜೆಗೇ ನಿಂತು ಕೊಡವುತ್ತೇವೆ. ಅವರು ಸಂಜೆವರೆಗೆ ನಡೆಯುತ್ತಾರೆ. ಜಡ್ಡಿನ ಅಡಿಯಲ್ಲಿ ರಕ್ತ ಕಟ್ಟಿ ಒಳಗೇ ಹುಣ್ಣಾಗುತ್ತದೆ, ಮೇಲೆ ಚರ್ಮ ಗಟ್ಟಿಯಾಗಿ ಕಾಣುತ್ತಿರುತ್ತದೆ. ಜಡ್ಡಿನ ನಡುವೆ ಕಂದು ಅಥವಾ ಕಪ್ಪು ಚುಕ್ಕೆ ಇದೆಯಾ ಅಂತ ಇವತ್ತೇ ಬೆಳಕಲ್ಲಿ ನೋಡಿ. ಇದ್ದರೆ ತಿಂಗಳ ಮಾತ್ರೆಯ ದಿನದವರೆಗೆ ಕಾಯಬೇಡಿ.

ಇದೆಲ್ಲ ಮೊದಲು ಸ್ಪಷ್ಟವಾದದ್ದು ಶುಗರ್ ರೋಗಿಗಳಿಂದಲ್ಲ, ಕುಷ್ಠ ರೋಗಿಗಳಿಂದ, ಅದೂ ನಮ್ಮಿಂದ ತುಂಬಾ ದೂರವಿಲ್ಲದ ವೆಲ್ಲೂರಿನಲ್ಲಿ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರಚಿಕಿತ್ಸಕರು 1946ರಲ್ಲಿ ಅಲ್ಲಿಗೆ ಬಂದರು. ಕುಷ್ಠದಿಂದ ಬೆರಳು ತಾನಾಗಿಯೇ ಕೊಳೆತು ಉದುರುತ್ತದೆ ಎಂದು ಆಗ ಜನ ನಂಬಿದ್ದರು. ಅವರು ಕಂಡುಕೊಂಡದ್ದು ಬೇರೆ. ನೋವು ಗೊತ್ತಾಗದೆ ಆಗುವ ಗಾಯ, ಗಾಯದ ಮೇಲೇ ನಡೆಯುವ ನಡಿಗೆ, ಇವೇ ಬೆರಳನ್ನು ತಿನ್ನುತ್ತಿದ್ದವು. ಆಮೇಲೆ ಅವರು ಅಮೆರಿಕಕ್ಕೆ ಹೋದಾಗ ಅದೇ ಪಾಠ ಶುಗರ್ ರೋಗಿಗಳ ಪಾದಕ್ಕೂ ಬಂತು. ನೋವು ಒಂದು ಕಾವಲುಗಾರ. ಅಪ್ಪನ ಪಾದದಲ್ಲಿ ಕಾವಲುಗಾರ ಮಲಗಿದ್ದಾನೆ, ಅಲ್ವಾ? ಅವನ ಕೆಲಸವನ್ನು ಇನ್ನು ಕಣ್ಣು ಮಾಡಬೇಕು.

ನಮ್ಮ ಗಡಿ ಭಾಗದಲ್ಲಿ ಇದಕ್ಕೆ ಭಾಷೆಯ ತೊಡಕೂ ಉಂಟು. ತೆಂಕಿನ ಜಿಲ್ಲೆಯಿಂದ ಹೊಸದಾಗಿ ಬಂದ ಡಾಕ್ಟರು ಕೇಳುತ್ತಾರೆ, "ಕಾಲಿಲ್ ವೇದನ ಉಂಡೋ?" ನೋವಿದೆಯಾ ಅಂತ. ಅಪ್ಪ "ಇಲ್ಲ" ಅನ್ನುತ್ತಾರೆ. ಉತ್ತರ ಸತ್ಯವೇ, ಪ್ರಶ್ನೆ ತಪ್ಪು. ಜೋಮು, ಮರಗಟ್ಟಿದ್ದು ಅನ್ನುವುದನ್ನು ಹೇಳಲು ಮಲಯಾಳದ "ತರಿಪ್ಪ್", "ಮರವಿಪ್ಪ್" ಅನ್ನುವ ಪದ ನೆನಪಿಟ್ಟುಕೊಳ್ಳಿ. ಉರಿಗೆ "ಪುಗಚ್ಚಿಲ್". ಸಾಧ್ಯವಾದರೆ ಅಪ್ಪನ ಜೊತೆ ನೀವೇ ಹೋಗಿ. ಚಪ್ಪಲಿ ಕಳೆದ ಕತೆಯನ್ನು ಹೇಳಲು ಮರೆಯಬೇಡಿ.

ಇನ್ನೊಂದು ವಿಚಿತ್ರ ನೋಡಿ. ನಮ್ಮಲ್ಲಿ ಅನೇಕ ಕಡೆ ಆರೋಗ್ಯ ಕೇಂದ್ರದ ಹೊರಗೇ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ಅಂದರೆ ರೋಗಿ ಡಾಕ್ಟರ ಮುಂದೆ ಬರಿಗಾಲಲ್ಲೇ ಕೂತಿರುತ್ತಾನೆ. ಶೂ ಬಿಚ್ಚಿಸುವ ಕಷ್ಟವೂ ಇಲ್ಲ. ಆದರೂ ಮೇಜಿನ ಕೆಳಗೆ ಯಾರೂ ಬಗ್ಗುವುದಿಲ್ಲ. ಹೊರಗೆ ಬಿಟ್ಟ ಚಪ್ಪಲಿಯನ್ನಂತೂ ನೋಡುವವರೇ ಇಲ್ಲ, ಅದರಲ್ಲೇ ಅರ್ಧ ಕತೆ ಇರುತ್ತದೆ. ಪೂರ್ತಿ ದೂರಲಾರೆ. 2023ರಲ್ಲಿ ಪ್ರಕಟವಾದ ಐಸಿಎಂಆರ್‌ ಇಂಡಿಯಾಬ್ ಸಮೀಕ್ಷೆಯಲ್ಲಿ ಕೇರಳದ ವಯಸ್ಕರಲ್ಲಿ ಶೇ 25.5 ಮಂದಿಗೆ ಶುಗರ್ ಕಂಡಿತ್ತು, ನಾಲ್ವರಲ್ಲಿ ಒಬ್ಬರಿಗೆ. ಮಾತ್ರೆಯ ದಿನದ ಸಾಲು ನಿಮಗೇ ಗೊತ್ತು.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಬೀಡಿ ಕಟ್ಟುವ ಹೆಂಗಸೊಬ್ಬರು ಎರಡು ವರ್ಷ ನನ್ನ ಹತ್ತಿರ ಮಾತ್ರೆಗೆ ಬರುತ್ತಿದ್ದರು. ಶುಗರ್ ಚೆನ್ನಾಗಿಯೇ ಇತ್ತು, ನಾನೂ ಖುಷಿಯಲ್ಲಿದ್ದೆ. ಒಂದು ದಿನ ಅವರು ಎದ್ದು ಹೋದ ಮೇಲೆ ನರ್ಸ್ ನೆಲ ತೋರಿಸಿದರು. ಸಿಮೆಂಟಿನ ಮೇಲೆ ಒಂದೊಂದು ಹೆಜ್ಜೆ ಬಿಟ್ಟು ಒದ್ದೆ ಗುರುತು. ವಾಪಸು ಕರೆದು ಅಂಗಾಲು ನೋಡಿದರೆ ರೂಪಾಯಿ ಅಗಲದ ಹುಣ್ಣು, ಎಷ್ಟು ದಿನದ್ದೋ. ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರಬೇಕಿತ್ತು. ಅವತ್ತಿಂದ ನಾನು ಮೊದಲು ಕಾಲು ನೋಡಿ ಆಮೇಲೆ ಚೀಟಿ ನೋಡುತ್ತೇನೆ.

ಈಗ ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ರೂಪಿಸಿದ್ದು, ಬೆರಳೊಂದಿದ್ದರೆ ಸಾಕು. ಅಪ್ಪನನ್ನು ಮಲಗಿಸಿ ಕಣ್ಣು ಮುಚ್ಚಲು ಹೇಳಿ. ಮುಟ್ಟಿದ್ದು ಗೊತ್ತಾದಾಗ "ಬಲ" ಅಥವಾ "ಎಡ" ಅನ್ನಲಿ. ನಿಮ್ಮ ತೋರುಬೆರಳಿನ ತುದಿಯಿಂದ ಅವರ ಬಲಗಾಲ ಹೆಬ್ಬೆರಳ ತುದಿಯನ್ನು ನವಿರಾಗಿ ಒಂದೆರಡು ಸೆಕೆಂಡು ಮುಟ್ಟಿ. ಆಮೇಲೆ ಬಲಗಾಲ ಕಿರುಬೆರಳು, ಎಡಗಾಲ ಹೆಬ್ಬೆರಳು, ಎಡಗಾಲ ಕಿರುಬೆರಳು, ಕೊನೆಗೆ ಎರಡೂ ಕಾಲಿನ ನಡುಬೆರಳು. ಒಟ್ಟು ಆರು. ಒತ್ತಬಾರದು, ತಟ್ಟಬಾರದು, ಕೆರೆಯಬಾರದು. ಗೊತ್ತಾಗದಿದ್ದರೆ ಅಲ್ಲೇ ಇನ್ನೊಮ್ಮೆ ಮುಟ್ಟಲೂಬಾರದು, "ಈಗ ಗೊತ್ತಾಯಿತಾ" ಅಂತ ಕೇಳಿದರೆ ಪರೀಕ್ಷೆ ಕೆಟ್ಟಿತು. ಆರರಲ್ಲಿ ಎರಡು ಅಥವಾ ಹೆಚ್ಚು ತಪ್ಪಿದರೆ ಸ್ಪರ್ಶ ಕುಂದಿದೆ ಎಂದೇ ಲೆಕ್ಕ.

ಆರೋಗ್ಯ ಕೇಂದ್ರದಲ್ಲಿ ಇದನ್ನೇ ನೈಲಾನ್ ಎಳೆಯಿಂದ ಮಾಡುತ್ತಾರೆ. ಮೋನೋಫಿಲಮೆಂಟ್ ಅನ್ನುತ್ತಾರೆ. ಚರ್ಮಕ್ಕೆ ಒತ್ತಿದಾಗ ಅದು 10 ಗ್ರಾಂ ಭಾರಕ್ಕೆ ಸರಿಯಾಗಿ ಬಾಗುತ್ತದೆ. ಆ 10 ಗ್ರಾಂ ಗೊತ್ತಾಗದ ಪಾದಕ್ಕೆ ತನ್ನನ್ನು ಕಾಪಾಡಿಕೊಳ್ಳುವಷ್ಟು ಸ್ಪರ್ಶ ಉಳಿದಿಲ್ಲ. ಹೆಬ್ಬೆರಳು, ಅದರ ಬುಡ, ಕಿರುಬೆರಳ ಬುಡ ಹೀಗೆ ಅಂಗಾಲಲ್ಲಿ ಮೂರು ಕಡೆ ನೋಡುತ್ತಾರೆ. ಜಡ್ಡಿನ ಮೇಲೆ ಒತ್ತಬಾರದು, ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಆಮೇಲೆ ಪಾದದ ಮೇಲ್ಭಾಗದಲ್ಲಿ ಒಂದು, ಒಳ ಹರಡಿನ ಹಿಂದೆ ಒಂದು ನಾಡಿ ಹಿಡಿದು ರಕ್ತ ಓಡುತ್ತಿದೆಯಾ ನೋಡಬೇಕು. ಬೆರಳುಗಳ ಆಕಾರ, ಬೆರಳ ಸಂದು, ಉಗುರು ನೋಡಬೇಕು. ಮೊದಲು ಎಂದಾದರೂ ಹುಣ್ಣಾಗಿತ್ತಾ, ಕಿಡ್ನಿ ಹೇಗಿದೆ ಅಂತ ಕೇಳಬೇಕು. ಇಷ್ಟಕ್ಕೆ ಐದು ನಿಮಿಷ ಜಾಸ್ತಿ. ನೈಲಾನ್ ಎಳೆ ಇಲ್ಲ ಅಂದರೆ ಬೆರಳ ಪರೀಕ್ಷೆಯ ಫಲಿತಾಂಶವನ್ನೇ ಹೇಳಿ, ಸಾಕು.

ಮುಂದೆ ಎಷ್ಟು ಸಲ ಕಾಲು ತೋರಿಸಬೇಕು ಅನ್ನುವುದು ಇದರಿಂದಲೇ ತೀರ್ಮಾನ. ಸ್ಪರ್ಶವೂ ಸರಿ, ನಾಡಿಯೂ ಸರಿ ಇದ್ದವರಿಗೆ ವರ್ಷಕ್ಕೊಮ್ಮೆ ಸಾಕು. ಎರಡರಲ್ಲಿ ಒಂದು ಕೆಟ್ಟಿದ್ದರೆ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಎರಡೂ ಕೆಟ್ಟಿದ್ದರೆ, ಅಥವಾ ಒಂದು ಕೆಟ್ಟು ಜೊತೆಗೆ ಪಾದದ ಆಕಾರವೂ ಬದಲಾಗಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ. ಸ್ಪರ್ಶ ಅಥವಾ ನಾಡಿ ಕೆಟ್ಟವರಿಗೆ ಹಿಂದೆ ಹುಣ್ಣಾಗಿದ್ದರೆ, ಬೆರಳು ತೆಗೆದಿದ್ದರೆ, ಕಿಡ್ನಿ ಪೂರ್ತಿ ಸೋತಿದ್ದರೆ ಒಂದರಿಂದ ಮೂರು ತಿಂಗಳಿಗೊಮ್ಮೆ. ನಿಮ್ಮ ನೆರೆಮನೆಯವರು ಈ ಕೊನೆಯ ಸಾಲಿನವರು, ಬೆರಳು ಹೋದ ಮೇಲೆ ಎಲ್ಲ ಮುಗಿಯಿತು ಅಂತ ಅವರು ಕೂರಬಾರದು. ಒಮ್ಮೆ ಮಾಗಿದ ಹುಣ್ಣು ಒಂದೇ ವರ್ಷದೊಳಗೆ ಸುಮಾರು ಶೇ 40 ಮಂದಿಯಲ್ಲಿ ಮತ್ತೆ ಬರುತ್ತದೆ. ಅಪ್ಪ ಸದ್ಯಕ್ಕೆ ಎರಡನೇ ಸಾಲಲ್ಲೋ ಮೂರನೆಯದರಲ್ಲೋ ಇದ್ದಾರೆ. ನಾಡಿ ಮತ್ತು ಬೆರಳು ನೋಡಿದರೆ ಗೊತ್ತಾಗುತ್ತದೆ.

ಹಾಗಾದರೆ ಮಂಗಳೂರು? ಈಗ ಬೇಡ. ಮೊದಲು ನಿಮ್ಮ ಆರೋಗ್ಯ ಕೇಂದ್ರವೇ. ಗಡಿಯ ತಲಪಾಡಿ ದಾಟಿದರೆ ಮಾತ್ರ ವೈದ್ಯ ಅನ್ನುವ ನಮ್ಮ ಅಭ್ಯಾಸ ಈ ವಿಷಯಕ್ಕೆ ಹೊಂದುವುದಿಲ್ಲ. ಕಾಲನ್ನು ಪದೇ ಪದೇ ನೋಡಬೇಕು, ಅದಕ್ಕೆ ಹತ್ತಿರದವರೇ ಬೇಕು. ನಾಡಿ ಸಿಗದಿದ್ದರೆ, ನಡೆಯುವಾಗ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುತ್ತಿದ್ದರೆ, ಬೆರಳು ತಣ್ಣಗೆ ನೀಲಿಯಾಗಿದ್ದರೆ ದೊಡ್ಡ ಆಸ್ಪತ್ರೆಯಲ್ಲಿ ರಕ್ತನಾಳದ ಪರೀಕ್ಷೆ ಬೇಕು. ಜಡ್ಡನ್ನು ಹೆರೆದು ತೆಗೆಯಲು ಕಲಿತವರು ಆರೋಗ್ಯ ಕೇಂದ್ರದಲ್ಲಿ ಇಲ್ಲದಿದ್ದರೆ ಅದಕ್ಕೂ ಮೇಲಿನ ಆಸ್ಪತ್ರೆಗೆ ಚೀಟಿ ಕೇಳಿ. ಮನೆಯಲ್ಲಿ ಬ್ಲೇಡು ಹಿಡಿಯಬೇಡಿ. ಆಣಿಗೆ ಅಂಟಿಸುವ ಪಟ್ಟಿಯೂ ಬೇಡ. ಅದರಲ್ಲಿರುವ ಆಸಿಡ್ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಅಪ್ಪನಿಗೆ ಸುಟ್ಟದ್ದು ತಿಳಿಯುವುದೂ ಇಲ್ಲ.

ಶುಗರ್ ಹತೋಟಿಯಲ್ಲಿಡಿ, ಬೀಡಿ ಇದ್ದರೆ ಬಿಡಿಸಿ, ಇದನ್ನು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಆದರೆ ಹೋದ ಸ್ಪರ್ಶ ಅದರಿಂದ ವಾಪಸು ಬರುತ್ತದೆ ಎಂದು ಕಾಯಬೇಡಿ. ಉರಿಗೆ ಕೊಡುವ ಮಾತ್ರೆ ಉರಿಯನ್ನು ಇಳಿಸುತ್ತದೆ, ಅಷ್ಟೇ. ಒಂದು ಮಾತು ಮಾತ್ರ ಕೇಳಿ ನೋಡಿ: ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರಲ್ಲಿ ಬಿ12 ಕಡಿಮೆಯಾಗುವುದುಂಟು, ಸಸ್ಯಾಹಾರಿಗಳಾದರೆ ಇನ್ನೂ ಜಾಸ್ತಿ. ಅದರಿಂದಲೂ ಕಾಲು ಮರಗಟ್ಟುತ್ತದೆ. ಅದನ್ನು ಸರಿಪಡಿಸಬಹುದು.

ಇನ್ನು ನಮ್ಮೂರಿನ ಅಪಾಯಗಳು. ಪುಸ್ತಕದಲ್ಲಿ "ಬರಿಗಾಲಲ್ಲಿ ನಡೆಯಬೇಡಿ" ಎಂದು ಒಂದೇ ಸಾಲು ಇರುತ್ತದೆ. ಆ ಸಾಲಿನೊಳಗೆ ನಮ್ಮ ಇಡೀ ವರ್ಷ ಇದೆ. ಮಾರ್ಚ್, ಏಪ್ರಿಲಿನ ನಡುಮಧ್ಯಾಹ್ನ ಅಂಗಳದ ಅಡಿಕೆ ಮಗುಚುವುದು ಬರಿಗಾಲಲ್ಲೇ. ನಿಮಗೆ ಅಂಗಳ ಸುಟ್ಟರೆ ಕುಣಿಯುತ್ತಾ ನೆರಳಿಗೆ ಓಡುತ್ತೀರಿ. ಅಪ್ಪ ಸಾಲು ಮುಗಿಸಿಯೇ ಬರುತ್ತಾರೆ, ಸಂಜೆ ಬೊಬ್ಬೆ ಎದ್ದಿರುತ್ತದೆ. ಮಧೂರಿನಲ್ಲೋ ಇನ್ನಾವುದೋ ದೇವಸ್ಥಾನದಲ್ಲೋ ಹನ್ನೆರಡು ಗಂಟೆಯ ಹೊತ್ತಿಗೆ ಕಲ್ಲುಹಾಸಿನ ಮೇಲೆ ಪ್ರದಕ್ಷಿಣೆ ಹಾಕಿದರೂ ಇದೇ ಕತೆ. ಬೆಳಗ್ಗಿನ ಪೂಜೆಗೆ ಹೋಗಲಿ, ದೇವರು ಆಗಲೂ ಇರುತ್ತಾನೆ. ಬಚ್ಚಲ ಹಂಡೆಯ ನೀರನ್ನು ಕಾಲಿಗೆ ಹೊಯ್ಯುವ ಮೊದಲು ಮೊಣಕೈ ಅದ್ದಿ ನೋಡಬೇಕು, ಕಾಲಿಂದ ನೋಡಬಾರದು. ಚಳಿಗೆ ಒಲೆಯ ಹತ್ತಿರ ಕಾಲು ಚಾಚುವುದು, ಬಿಸಿನೀರ ಚೀಲ ಇಡುವುದು ಎರಡೂ ಬೇಡ.

ಮಳೆಗಾಲ ಬಂದರೆ ಬೇರೆ ಲೆಕ್ಕ. ಜೂನ್‌ನಿಂದ ಸೆಪ್ಟೆಂಬರ್ ತನಕ ತೋಟದಲ್ಲಿ ಕಾಲು ಒಣಗುವುದೇ ಇಲ್ಲ. ಬೆರಳ ಸಂದಿನ ಚರ್ಮ ಬೆಳ್ಳಗೆ ಮೆತ್ತಗಾಗಿ ಬಿರಿಯುತ್ತದೆ, ಫಂಗಸ್ ಬರುತ್ತದೆ, ಅಲ್ಲಿಂದ ಕೀವು ಒಳಗೆ ಇಳಿಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನ ಮೈಲುತುತ್ತು, ಸುಣ್ಣದ ನೀರು ಕಾಲ ಮೇಲೆ ಇಳಿದು ಚರ್ಮವನ್ನು ಕೆಣಕುತ್ತದೆ. ಮನೆಗೆ ಬಂದ ತಕ್ಷಣ ತೊಳೆದು, ಬೆರಳ ಸಂದನ್ನು ಬಟ್ಟೆಯಿಂದ ಒಂದೊಂದಾಗಿ ಒರೆಸಬೇಕು. ತೆಂಗಿನೆಣ್ಣೆ ಹಚ್ಚುವುದು ಹಿಮ್ಮಡಿಗೆ, ಪಾದಕ್ಕೆ. ಸಂದಿಗೆ ಬೇಡ. ಒಡೆದ ಹಿಮ್ಮಡಿ ಮೆತ್ತಗಾಗಲಿ ಅಂತ ಗಂಟೆಗಟ್ಟಲೆ ನೀರಲ್ಲಿ ನೆನೆಸುವುದೂ ಬೇಡ.

ಆ ಹವಾಯಿ ಚಪ್ಪಲಿಗೆ ವಿದಾಯ ಹೇಳಿ. ಬೆರಳ ಸಂದಲ್ಲಿ ಪಟ್ಟಿ ಉಜ್ಜುತ್ತದೆ, ಹಿಂದೆ ಹಿಡಿತ ಇಲ್ಲ, ಅಡಿ ತೆಳು. ಹಿಂದೆ ಪಟ್ಟಿ ಇರುವ, ಮೇಲೆ ವೆಲ್ಕ್ರೋದಿಂದ ಸಡಿಲ ಬಿಗಿ ಮಾಡಬಹುದಾದ, ಒಳಗೆ ಮೆತ್ತನೆಯ ಎಂಸಿಆರ್ ರಬ್ಬರ್, ಅಡಿಗೆ ಮುಳ್ಳು ತೂರದ ಗಟ್ಟಿ ರಬ್ಬರ್ ಇರುವ ಚಪ್ಪಲಿ ಬೇಕು. ಕೊಳ್ಳಲು ಸಂಜೆ ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತದೆ. ಒಳಗಿನ ಅಳತೆ ಪಾದಕ್ಕಿಂತ ಒಂದೆರಡು ಸೆಂಟಿಮೀಟರ್ ಉದ್ದ ಇರಲಿ. "ಸರಿಯಾಗಿದೆಯಾ" ಅಂತ ಅಪ್ಪನನ್ನು ಕೇಳಬೇಡಿ. ಸ್ಪರ್ಶ ಹೋದವರಿಗೆ ಬಿಗಿಯಾದದ್ದೇ ಸರಿ ಅನಿಸುತ್ತದೆ, ಹಾಕಿದ್ದು ಗೊತ್ತಾಗುವುದೇ ಆಗ. ಕಾಗದದ ಮೇಲೆ ಅವರನ್ನು ನಿಲ್ಲಿಸಿ ಪಾದದ ಗೆರೆ ಎಳೆದು ಒಯ್ಯಿರಿ. ಹೊಸದನ್ನು ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಮಾತ್ರ ಹಾಕಿ, ಬಿಚ್ಚಿದ ಮೇಲೆ ಕೆಂಪು ಕಲೆ ಇದೆಯಾ ನೋಡಿ. ತೋಟಕ್ಕೆ ಗಮ್‌ಬೂಟು ಆದೀತು. ಒಣ ಕಾಲುಚೀಲ ಹಾಕಬೇಕು. ಪ್ರತಿ ಸಲ ಬೂಟನ್ನು ತಲೆಕೆಳಗೆ ಮಾಡಿ ಕೊಡವಿ, ಒಳಗೆ ಕೈ ಹಾಕಿ ನೋಡಬೇಕು. ಬೂಟಿನೊಳಗಿನ ಅಡಿಕೆ ಸಿಪ್ಪೆಯ ತುಂಡೇ ಸಂಜೆಗೆ ಹುಣ್ಣು ಮಾಡಿದ್ದನ್ನು ನಾನು ನೋಡಿದ್ದೇನೆ.

ರಾತ್ರಿ ಊಟಕ್ಕೆ ಮೊದಲು ಅಂಗಾಲು ನೋಡುವುದು ನಿಮ್ಮ ಕೆಲಸ. ಅವರ ಕಣ್ಣೂ ಮಂಜಾಗಿರಬಹುದು, ಬೆನ್ನೂ ಬಗ್ಗದು. ಎರಡೂ ಪಾದದ ಮೇಲೆ ಕೈಯ ಹಿಂಭಾಗ ಇಟ್ಟು ಬಿಸಿ ಹೋಲಿಸಿ. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಬಿಸಿಯಾಗಿ, ಕೆಂಪಾಗಿ ಊದಿದರೆ ಅದು ಉಳುಕು ಅಂತ ಎಣ್ಣೆ ತಿಕ್ಕಿಸಬೇಡಿ. ಒಳಗೆ ಮೂಳೆ ಕುಸಿಯುತ್ತಿರಬಹುದು. ಶಾರ್ಕೋ ಪಾದ ಅನ್ನುತ್ತಾರೆ. ಅವತ್ತೇ ನಡಿಗೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಗಾಯ ಕಂಡರೆ ಶುದ್ಧ ನೀರಲ್ಲಿ ತೊಳೆದು, ಒಣ ಬಟ್ಟೆ ಕಟ್ಟಿ, ಅದೇ ದಿನ, ತಪ್ಪಿದರೆ ಮರುದಿನ ಆರೋಗ್ಯ ಕೇಂದ್ರಕ್ಕೆ. ಸುಣ್ಣ, ಕಾಫಿಪುಡಿ, ಅರಿಶಿನ ಯಾವುದೂ ಬೇಡ. ಕೆಂಪು ಹರಡುತ್ತಿದ್ದರೆ, ಕೀವು, ವಾಸನೆ, ಕಪ್ಪು, ಜ್ವರ, ಕಾರಣವಿಲ್ಲದೆ ಶುಗರ್ ಏರಿದ್ದು ಇದ್ದರೆ ನೇರ ದೊಡ್ಡ ಆಸ್ಪತ್ರೆಗೆ ಹೊರಡಿ, ರಾತ್ರಿಯಾದರೂ ಸರಿ. ಆಗ ಮಂಗಳೂರೋ ಕಾಸರಗೋಡೋ ಅಂತ ಚರ್ಚೆ ಬೇಡ, ಯಾವುದು ಬೇಗ ಸಿಗುತ್ತದೋ ಅದು. ಸೋಂಕಿಲ್ಲದ ಹುಣ್ಣು ಆಂಟಿಬಯೋಟಿಕ್‌ನಿಂದ ಮಾಗುವುದಿಲ್ಲ. ಅದರ ಮೇಲೆ ಭಾರ ಬೀಳುವುದು ನಿಂತರೆ ಮಾಗುತ್ತದೆ. ಮುಲಾಮು ಹಚ್ಚಿಕೊಂಡು ತೋಟಕ್ಕೆ ನಡೆದರೆ ವರ್ಷವಾದರೂ ಹಾಗೇ ಇರುತ್ತದೆ. ಸರಿಯಾಗಿ ನೋಡಿಕೊಂಡರೂ ನಾಲ್ಕು ವಾರದಲ್ಲಿ ಹುಣ್ಣು ಅರ್ಧಕ್ಕೆ ಇಳಿಯದಿದ್ದರೆ ಮೇಲಿನ ಆಸ್ಪತ್ರೆಗೆ ಹೋಗಬೇಕು.

ಕೊನೆಗೆ ಮನೆಯೊಳಗಿನ ಚಪ್ಪಲಿ. ಅಪ್ಪನದು ಹಟ ಅಂತ ನನಗನಿಸುವುದಿಲ್ಲ. ದೇವರ ದೀಪ ಇರುವ ನಡುಮನೆಯಲ್ಲಿ ಚಪ್ಪಲಿ ಮೆಟ್ಟುವುದು ಅವರ ತಲೆಮಾರಿಗೆ ಸುಲಭವಲ್ಲ. ಒಂದು ಹೊಸ ಜೋಡಿ ತನ್ನಿ, ಅದು ಒಮ್ಮೆಯೂ ಅಂಗಳಕ್ಕೆ ಇಳಿಯಬಾರದು. ಅದನ್ನು ಚಪ್ಪಲಿ ಅನ್ನಬೇಡಿ, ಮದ್ದು ಅನ್ನಿ. ದೇವರ ಕೋಣೆಯ ಹೊಸ್ತಿಲಲ್ಲಿ ಬಿಟ್ಟು ಒಳಗೆ ಹೋಗಲಿ, ಅಲ್ಲಿ ಮುಳ್ಳಿಲ್ಲ. ನನ್ನ ಹತ್ತಿರ ಬರುವ ಹಿರಿಯರೊಬ್ಬರು ಇದಕ್ಕೂ ಒಪ್ಪಿರಲಿಲ್ಲ. ಅವರ ಸೊಸೆ ಆ ಜೋಡಿಯನ್ನು ಮಾತ್ರೆ ಡಬ್ಬಿಯ ಪಕ್ಕ, ಅದೇ ಕಪಾಟಿನ ಕೆಳಗಿನ ತಟ್ಟಿನಲ್ಲಿ ಇಟ್ಟರು. ಬೆಳಗ್ಗೆ ಮಾತ್ರೆ ತೆಗೆಯುವಾಗ ಅದೂ ಕಾಲಿಗೆ ಬರತೊಡಗಿತು. ಅಂಗಳದ ಅಡಿಕೆ ಮಗುಚುವುದನ್ನು ಮಾತ್ರ ಮಧ್ಯಾಹ್ನ ನೀವೇ ಮಾಡಿ, ಅಪ್ಪ ಜಗಲಿಯಲ್ಲಿ ಕೂತು ತಪ್ಪು ಹೇಳಲಿ.